ಕಡಲೆ ಗೂಡಿನಲ್ಲಿದೆ, ಜೋಳ ನಿಂತಿದೆ: ಈ ಬೇಸಿಗೆ ಆಣೆಕಲ್ಲು ಬೀಳುತ್ತದೆಯೇ?

ಪ್ರಶ್ನೆ: ಸರ, ಶರಣ್ರಿ. ನಮ್ಮದು ಆಳಂದ ತಾಲೂಕು. ಎಂಟು ಎಕರೆ ಎರಿ ಹೊಲ ಅದ. ನಾಕು ಎಕರೆ ಬಿಳಿಜ್ವಾಳ ನಿಂತದ, ತೆನಿ ಬಲತಾವ. ಮೂರು ಎಕರೆ ಕಡ್ಲಿ ಕಿತ್ತು ಗೂಡು ಹಾಕೀವಿ, ಇನ್ನಾ ರಾಶಿ ಆಗಿಲ್ಲ. ಒಂದು ಎಕರೆ ಖಾಲಿ ಬಿದ್ದದ, ಅದಕ್ಕ ಬೋರಿನ ನೀರು ಅದ. ಹ್ವಾದ ವರ್ಷ ಹಿಂಗೇ ಕಡ್ಲಿ ಕಣದಾಗ ಇದ್ದಾಗ ಸಂಜಿ ನಾಕಕ್ಕ ಮಳಿ ಹೊಡೀತು. ಫೋನಿನ್ಯಾಗ ಮಳಿ 20 ಪರ್ಸೆಂಟ್ ಅಂತ ತೋರಿಸಿತ್ತು, ಬರಂಗಿಲ್ಲ ಬಿಡು ಅಂತ ತಾಡಪತ್ರಿ ಹಾಕಲಿಲ್ಲ. ಅರ್ಧ ಕಡ್ಲಿ ಮೊಳಕಿ ಬಂದು ಕರ್ರಗಾಯ್ತು. ಬಾಜೂ ಊರಾಗ ನಮ್ಮ ತಂಗಿ ಹೊಲದಾಗ ಒಂದು ಹನಿ ಬಿದ್ದಿಲ್ಲ. ಈ ಸಲ ವಾಟ್ಸಾಪ್‌ನ್ಯಾಗ ಒಂದು ಪಟ್ಟಿ ತಿರಗಾಡಕತ್ತದ, ಯುಗಾದಿ ಹಿಂದ ಮುಂದ ಯಾವ್ಯಾವ ತಾರೀಖಿಗೆ ಆಣಿಕಲ್ಲು ಬೀಳ್ತಾವ ಅಂತ ಬರದಾರ. ಬ್ಯಾಸಗಿ ಆಣಿಕಲ್ಲು ಬಿದ್ರ ಮುಂಗಾರಿ ಕೈ ಕೊಡ್ತದ ಅಂತಾರ ನಮ್ಮ ಮಾವನೋರು. ಎಲ್ ನಿನೊ ಬಂದ್ರ ಬರಗಾಲೇ ಅಂತಾನ ಮಗ. ಯಾರ ಮಾತು ಕೇಳ್ಬೇಕ್ರಿ? ಜ್ವಾಳ ಈಗೇ ಕೊಯ್ಲೇನು, ಪೂರ್ತಿ ಒಣಗಲಿ ಅಂತ ಕಾಯ್ಲೇನು? ಖಾಲಿ ಎಕರೆಗೆ ಹೆಸರು ಹಾಕ್ಲೇನು? ಇನ್ನೊಂದು ಮಾತು, ಗುಡುಗು ಬಂದಾಗ ಎಮ್ಮಿ ಬೇವಿನ ಗಿಡದ ಬುಡಕ ಕಟ್ತೀವಿ, ಅದು ತಪ್ಪೇನ್ರಿ?

ಉತ್ತರ: ಶರಣ್ರಿ ಅಕ್ಕಾ. ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ತಡೆಯುವಷ್ಟು ಪುರುಸೊತ್ತಿಲ್ಲ, ಅದನ್ನು ಮೊದಲು ಹೇಳುತ್ತೇನೆ. ಕಡಲೆ ಗೂಡು ಇನ್ನೂ ಹೊಲದಲ್ಲೇ ಇದ್ದರೆ, ಮಷಿನ್ ಯಾವತ್ತು ಸಿಗುತ್ತದೋ ಆವತ್ತೇ ಕಾಳು ಬಿಡಿಸಿ ರಾಶಿ ಮಾಡಿಬಿಡಿ. ರೇಟು ಏರಲಿ ಎಂದು ಕಾಯುವುದಾದರೆ ಮನೆಯೊಳಗೆ ಚೀಲದಲ್ಲಿಟ್ಟು ಕಾಯಿರಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಹೋದ ವರ್ಷ ನಿಮಗಾದದ್ದು ಕಡಲೆಯ ನಷ್ಟವೊಂದೇ ಆಗಿದ್ದರೆ ನೀವು ಇಷ್ಟು ದೊಡ್ಡ ಪತ್ರ ಬರೆಯುತ್ತಿರಲಿಲ್ಲ. ಫೋನನ್ನು ನಂಬಿ ಕೆಟ್ಟೆನಲ್ಲಾ ಎಂಬ ಸಂಕಟ ಅದರೊಳಗೆ ಇದೆ. ಕೃಷಿ ಹವಾಮಾನದ ಕೆಲಸದಲ್ಲಿ ಈ ಸೀಮೆಯ ಮೂರು ಜಿಲ್ಲೆಗಳನ್ನೂ ಓಡಾಡಿದ ನನಗೆ ಈ ಮಾತು ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ಕೇಳಿಸುತ್ತದೆ. ಫೋನು ನಿಮಗೆ ಸುಳ್ಳು ಹೇಳಿರಲಿಲ್ಲ ಅಕ್ಕಾ. ಆದರೆ ಅದು ಹೇಳಿದ್ದರ ಅರ್ಥವನ್ನು ನಿಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಆ ತಪ್ಪು ನಮ್ಮಂಥವರದು.

20 ಪರ್ಸೆಂಟ್ ಎಂದರೆ ಏನು? ಇಂಥದ್ದೇ ಹತ್ತು ದಿನ ಬಂದರೆ ಅವುಗಳಲ್ಲಿ ಎರಡು ದಿನ ಮಳೆಯಾಗುತ್ತದೆ ಎಂದು. ಮಳೆ ಜೋರೋ ಮೆಲ್ಲಗೋ ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. 20 ಎಂದರೆ ತುಂತುರು, 80 ಎಂದರೆ ಧೋ ಮಳೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಸೀಮೆಗೆ ಬರುವ ಅತಿ ಕೆಟ್ಟ ಮಳೆ 20 ಪರ್ಸೆಂಟಿನ ದಿನದಲ್ಲೇ ಬರಬಹುದು. ಮನೆಯಲ್ಲಿ ಬಟ್ಟೆ ಒಣಹಾಕುವವರಿಗೆ 20 ಸಣ್ಣ ಸಂಖ್ಯೆ. ಕಣದಲ್ಲಿ ಮೂರು ಎಕರೆಯ ಕಡಲೆ ಬಿಚ್ಚಿ ಹರವಿದವರಿಗೆ ಐದರಲ್ಲಿ ಒಂದು ಪಾಲು ಅಪಾಯ ಬಹಳ ದೊಡ್ಡದು. ತಾಡಪತ್ರಿ ಹಾಕಿ ತೆಗೆಯುವ ಶ್ರಮ ಅರ್ಧ ತಾಸಿನದು, ಕಳೆದುಕೊಳ್ಳುವುದು ಇಡೀ ವರ್ಷದ್ದು. ಈ ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿದರೆ, ರಾಶಿ ಕಣದಲ್ಲಿರುವ ದಿನ 10 ಪರ್ಸೆಂಟ್ ಕಂಡರೂ ಮುಚ್ಚಬೇಕು.

ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆಯಲ್ಲೂ ಇಂಥದ್ದೇ ಒಂದು ಮಾತು ಇದೆ. ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂದು ಅವರು ಬರೆದರೆ, ಜಿಲ್ಲೆಯ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರ ತನಕ ಮಳೆ ಕಾಣಬಹುದು ಎಂದು ಅರ್ಥ. ‘ಕೆಲವು ಕಡೆ’ ಎಂದರೆ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75, ಅದರ ಮೇಲಿನದು ‘ಬಹುತೇಕ ಎಲ್ಲ ಕಡೆ’. ಇವು ಅಳತೆಯ ಮಾತುಗಳು. ಕೇಳುವ ನಮಗೆ ‘ಒಂದೆರಡು ಕಡೆ’ ಎಂದಾಗ ಎಲ್ಲೋ ಯಾರದೋ ಹೊಲ ಎನಿಸುತ್ತದೆ. ನಾಲ್ಕು ಊರಿಗೆ ಒಂದು ಊರು ಎಂದು ಓದಿಕೊಳ್ಳಿ, ಆಗ ಎದೆಗೆ ತಾಗುತ್ತದೆ.

ಇನ್ನು ತಂಗಿಯ ಊರಲ್ಲಿ ಹನಿಯೂ ಬೀಳದಿದ್ದ ವಿಚಾರ. ಬೇಸಿಗೆಯ ಗುಡುಗು ಮೋಡವೊಂದರ ಅಗಲ ಸಾಮಾನ್ಯವಾಗಿ ಐದರಿಂದ ಹತ್ತು ಕಿಲೋಮೀಟರ್, ಆಯುಷ್ಯ ಅರ್ಧದಿಂದ ಒಂದು ತಾಸು. ಹುಟ್ಟಿ, ಬೆಳೆದು, ಸುರಿದು ಸಾಯುವುದು ಅಷ್ಟರೊಳಗೆ. ಅದರ ಅಂಚು ಯಾರ ಹೊಲದ ಬದುವಿನ ಮೇಲೆ ಬರುತ್ತದೆ ಎಂಬುದನ್ನು ಹಿಂದಿನ ದಿನ ಹೇಳಬಲ್ಲ ವಿದ್ಯೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಈ ತಾಲೂಕಿನ ಸುತ್ತಮುತ್ತ ನಾಳೆ ಮಧ್ಯಾಹ್ನದ ಮೇಲೆ ಅಂಥ ಮೋಡ ಏಳುವ ಹವೆ ಇದೆ ಎಂದು ಹೇಳಬಹುದು. ಮೋಡ ಎದ್ದ ಮೇಲೆ ಅದು ಎತ್ತ ಸಾಗುತ್ತಿದೆ ಎಂದು ರಾಡಾರ್ ನೋಡಿ ಎರಡು ಮೂರು ತಾಸು ಮುಂಚೆ ಹೇಳಬಹುದು. ಅಷ್ಟೇ ನಮ್ಮ ಶಕ್ತಿ. ಹಾಗಿರುವಾಗ ತಿಂಗಳ ಮೊದಲೇ ತಾರೀಖು ಹಾಕಿ ಆಣೆಕಲ್ಲು ಬೀಳಿಸುವ ಪಟ್ಟಿಯನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಪಟ್ಟಿಯಲ್ಲಿ ಹತ್ತು ಹದಿನೈದು ತಾರೀಖು ಬರೆದರೆ ನಮ್ಮಷ್ಟು ದೊಡ್ಡ ಸೀಮೆಯಲ್ಲಿ ಎಲ್ಲಾದರೂ ಒಂದೆರಡು ಕೂಡಿಯೇ ಕೂಡುತ್ತವೆ. ಕೂಡಿದ್ದು ನೆನಪಿರುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ. ಅದನ್ನು ನಂಬಿ ಹಸಿ ಜೋಳ ಕೊಯ್ದವರನ್ನೂ, ‘ಈ ವಾರ ತಾರೀಖಿಲ್ಲ’ ಎಂದು ರಾಶಿ ಬಯಲಲ್ಲಿ ಬಿಟ್ಟು ಮಲಗಿದವರನ್ನೂ ಕಣ್ಣಾರೆ ಕಂಡಿದ್ದೇನೆ. ಆ ಪಟ್ಟಿಯನ್ನು ಮುಂದೆ ಯಾರಿಗೂ ಕಳಿಸಬೇಡಿ.

ಆಣೆಕಲ್ಲು ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲೇ ಯಾಕೆ ಬೀಳುತ್ತದೆ, ಶ್ರಾವಣದಲ್ಲಿ ಅಷ್ಟು ಮಳೆಯಾದರೂ ಯಾಕೆ ಬೀಳುವುದಿಲ್ಲ ಎಂಬುದು ತಿಳಿದರೆ ಆಕಾಶ ನೋಡುವ ಕಣ್ಣೇ ಬದಲಾಗುತ್ತದೆ. ಚಳಿ ಸರಿದ ಮೇಲೆ ನಮ್ಮ ನೆತ್ತಿಯ ಮೇಲೆ ಎರಡು ಗಾಳಿಗಳು ಎದುರಾಗುತ್ತವೆ. ಒಂದು ಬಂಗಾಳ ಕೊಲ್ಲಿಯ ಕಡೆಯಿಂದ ತೆಲಂಗಾಣ ದಾಟಿ ಬರುವ ತೇವದ ಗಾಳಿ. ಇನ್ನೊಂದು ವಾಯವ್ಯದಿಂದ ಮಹಾರಾಷ್ಟ್ರದ ಮೇಲೆ ಹಾದು ಬರುವ ಒಣ ಗಾಳಿ. ಇವೆರಡೂ ಕೂಡುವ ಗೆರೆ ವಿದರ್ಭ, ಮರಾಠವಾಡಾದಿಂದ ಹಿಡಿದು ಕರ್ನಾಟಕದ ಒಳನಾಡಿನ ಮೇಲೆ ತೆಂಕಣಕ್ಕೆ ತಮಿಳುನಾಡು, ಕೇರಳದವರೆಗೆ ಚಾಚಿರುತ್ತದೆ. ಟಿವಿಯಲ್ಲಿ ‘ಟ್ರಫ್’ ಎನ್ನುವುದು ಇದನ್ನೇ. ಒಂದು ದಿನ ಅದು ಸೋಲಾಪುರದ ಕಡೆ ಸರಿಯುತ್ತದೆ, ಇನ್ನೊಂದು ದಿನ ಬೀದರ್ ಮೇಲೆ ಬರುತ್ತದೆ. ಗೆರೆ ಹತ್ತಿರ ಬಂದ ದಿನ ನೆಲದ ಕಾವು ತೇವದ ಗಾಳಿಯನ್ನು ಮೇಲಕ್ಕೆ ಒದೆಯುತ್ತದೆ. ನಮ್ಮ ಕಪ್ಪು ನೆಲ ಬರಿದಾಗಿದ್ದಾಗ ಎಷ್ಟು ಕಾಯುತ್ತದೆ ಎಂಬುದು ಬರಿಗಾಲಲ್ಲಿ ನಡೆದವರಿಗೆ ಗೊತ್ತು.

ಮೇಲೇರಿದ ಗಾಳಿ ಮೋಡವಾಗುತ್ತದೆ. ಮಾರ್ಚ್‌ನಲ್ಲಿ ಐದು ಕಿಲೋಮೀಟರಿಗಿಂತ ತುಸು ಕಡಿಮೆ ಎತ್ತರಕ್ಕೆ ಹೋದರೆ ಸಾಕು, ನೀರು ಹೆಪ್ಪುಗಟ್ಟುವ ಚಳಿ ಸಿಗುತ್ತದೆ. ಉತ್ತರ ಭಾರತಕ್ಕೆ ಬರುವ ಪಶ್ಚಿಮದ ಗಾಳಿಯ ಅಲೆಗಳು ಕೆಲವು ವರ್ಷ ಈ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇಳಿದು ಮೇಲಿನ ಹವೆಯನ್ನು ಇನ್ನಷ್ಟು ತಣ್ಣಗೆ ಮಾಡುತ್ತವೆ. ಕೆಳಗೆ ಬೆಂಕಿ, ಮೇಲೆ ಹಿಮ ಎಂಬಂತಾದಾಗ ಮೋಡದೊಳಗಿನ ಗಾಳಿ ಬುಗ್ಗೆಯಂತೆ ಏರುತ್ತದೆ. ಮಂಜಿನ ಹರಳು ಅದರ ಮೇಲೆ ತೇಲುತ್ತಾ ನೀರು ಮೆತ್ತಿಕೊಂಡು ಮೆತ್ತಿಕೊಂಡು ದಪ್ಪಗಾಗುತ್ತದೆ. ಗಾಳಿ ಹೊರಲಾರದಷ್ಟು ತೂಕ ಬಂದಾಗ ಬೀಳುತ್ತದೆ. ಮಳೆಗಾಲದಲ್ಲಿ ಹೆಪ್ಪುಗಟ್ಟುವ ಎತ್ತರವೇ ಐದು ಕಿಲೋಮೀಟರಿಗಿಂತ ಮೇಲೆ ಹೋಗುತ್ತದೆ, ಮೋಡದೊಳಗಿನ ಏರುಗಾಳಿಯೂ ಅಷ್ಟು ಜೋರಿರುವುದಿಲ್ಲ. ಅಲ್ಲಿ ಹರಳು ಬೆಳೆಯುವುದೇ ಕಡಿಮೆ, ಬೆಳೆದರೂ ಬೀಳುವ ದಾರಿಯಲ್ಲಿ ಕರಗುತ್ತದೆ.

2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮರಾಠವಾಡಾ, ವಿದರ್ಭ, ನಮ್ಮ ಉತ್ತರ ಕರ್ನಾಟಕದ ಮೇಲೆ ದಿನಬಿಟ್ಟು ದಿನ ಆಣೆಕಲ್ಲು ಸುರಿದದ್ದು ನಿಮಗೂ ನೆನಪಿರಬಹುದು. ಆಗ ಗಡಿಯ ಒಂದು ಊರಲ್ಲಿ ಮಳೆ ನಿಂತ ಮೇಲೆ ನಾನೂ ಅಲ್ಲಿನ ರೈತರೊಬ್ಬರೂ ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲನ್ನು ಕುಡುಗೋಲಿನಿಂದ ಸೀಳಿದೆವು. ಉಳ್ಳಾಗಡ್ಡಿ ಹೆಚ್ಚಿದಂತೆ ಒಳಗೆ ಪದರಗಳು. ಒಂದು ಹಾಲಿನಂತೆ ಬಿಳಿ, ಅದರ ಮೇಲೆ ಗಾಜಿನಂತೆ ತಿಳಿ, ಮತ್ತೆ ಬಿಳಿ. ನೀರು ಥಟ್ಟನೆ ಹೆಪ್ಪುಗಟ್ಟಿದರೆ ಗಾಳಿಗುಳ್ಳೆ ಒಳಗೇ ಉಳಿದು ಬಿಳಿಯಾಗುತ್ತದೆ, ನಿಧಾನಕ್ಕೆ ಗಟ್ಟಿಯಾದರೆ ತಿಳಿ. ಮೋಡದೊಳಗೆ ಅದು ಪಟ್ಟ ಪಾಡೆಲ್ಲ ಆ ಹೋಳಿನಲ್ಲಿತ್ತು. ಆ ರೈತರು ಏನೂ ಮಾತಾಡಲಿಲ್ಲ. ಅವರ ಜೋಳದ ದಂಟುಗಳು ಮೊಣಕಾಲೆತ್ತರಕ್ಕೆ ಮುರಿದು, ತೆನೆಗಳು ಕೆಸರಲ್ಲಿ ಹೂತಿದ್ದವು. ನಾಲ್ಕು ದಿನದ ಹಿಂದೆಯೇ ಕೊಯ್ಯಬಹುದಾಗಿದ್ದ ಬೆಳೆ ಅದು.

ಆ ವರ್ಷದ ನಂತರ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತಾ ಬಂದಿದ್ದೇನೆ. ಮುನ್ಸೂಚನೆಗಳಲ್ಲಿ ಮೂರು ಜಾತಿ. ಮೂರು ತಿಂಗಳದ್ದು ಒಂದು, ಐದು ದಿನದ್ದು ಒಂದು, ಮೂರು ತಾಸಿನದು ಒಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ಕೆಡುತ್ತೇವೆ.

ಹವಾಮಾನ ಇಲಾಖೆ ಫೆಬ್ರವರಿ ಮುಗಿಯುವ ಹೊತ್ತಿಗೆ ಮಾರ್ಚ್‌ನಿಂದ ಮೇವರೆಗಿನ ಬೇಸಿಗೆ ಮುನ್ನೋಟ ಕೊಡುತ್ತದೆ. ಸೆಕೆ ವಾಡಿಕೆಗಿಂತ ಹೆಚ್ಚಿರುವ ಸಂಭವ ಎಲ್ಲಿ ಎಷ್ಟು ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿರುತ್ತಾರೆ. ಅದರಿಂದ ನೀವು ತೀರ್ಮಾನಿಸಬೇಕಾದದ್ದು ಬೋರಿನ ನೀರು ಎಲ್ಲಿಯವರೆಗೆ ಬಂದೀತು, ಕಣಕಿ (ಜೋಳದ ಒಣ ದಂಟಿನ ಮೇವು) ಮಾರಬೇಕೋ ಇಟ್ಟುಕೊಳ್ಳಬೇಕೋ, ಬೇಸಿಗೆ ಬೆಳೆಗೆ ಕೈಹಾಕಬೇಕೋ ಎಂಬುದನ್ನು. ಮುನ್ನೋಟ ಸೆಕೆ ಹೆಚ್ಚು ಎನ್ನಲಿ, ಕಡಿಮೆ ಎನ್ನಲಿ, ನಿಮ್ಮ ಕಣದ ತೀರ್ಮಾನ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ತಂಪಾದ ಬೇಸಿಗೆಯಲ್ಲೂ ಒಂದು ಸಂಜೆ ಸಾಕು.

ಐದು ದಿನದ ಮುನ್ಸೂಚನೆ ಕೊಯ್ಲಿಗೆ, ಆಳು ಕರೆಯಲಿಕ್ಕೆ, ಮಷಿನ್ ಗೊತ್ತು ಮಾಡಲಿಕ್ಕೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯನ್ನು ‘ಮೇಘದೂತ್’ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಜಿಲ್ಲೆಗೆ ಹಳದಿ ಬಣ್ಣ ಇದ್ದರೆ ಕಣ್ಣಿಟ್ಟಿರಿ ಎಂದರ್ಥ, ಕಿತ್ತಳೆ ಇದ್ದರೆ ಸಜ್ಜಾಗಿರಿ, ಕೆಂಪು ಇದ್ದರೆ ಕೂಡಲೇ ಕೆಲಸಕ್ಕಿಳಿಯಿರಿ. ಬೇಸಿಗೆಯಲ್ಲಿ ನಮಗೆ ಬಹುತೇಕ ಬರುವುದು ಹಳದಿಯೇ. ಹಳದಿ ತಾನೇ ಎಂದು ಬಿಡಬೇಡಿ.

ಮೂರು ತಾಸಿನದು ತಾಡಪತ್ರಿಗೆ ಮತ್ತು ಜೀವಕ್ಕೆ. ಇಲ್ಲಿ ಫೋನಿನಷ್ಟೇ ನಿಮ್ಮ ಕಣ್ಣೂ ಮುಖ್ಯ. ಎರೆ ಸೀಮೆಯಲ್ಲಿ ಗುಡ್ಡ ಅಡ್ಡವಿಲ್ಲ, ದೂರದ ಮೋಡದ ತಲೆ ಕಾಣುತ್ತದೆ. ಹಿಂದಿನ ರಾತ್ರಿ ತಣ್ಣಗಾಗದೆ ಮೈ ಜಿಬುಗುಟ್ಟಿದ್ದರೆ, ಹನ್ನೊಂದು ಗಂಟೆಗೇ ಹೂಕೋಸಿನಂಥ ಮೋಡಗಳು ನೆಟ್ಟಗೆ ಮೇಲಕ್ಕೆ ಬೆಳೆಯತೊಡಗಿದರೆ, ಮಧ್ಯಾಹ್ನ ಗಾಳಿ ಪೂರಾ ನಿಂತು ಎಲೆ ಅಲುಗದಿದ್ದರೆ ಆ ದಿನ ಎರಡೂವರೆಯೊಳಗೇ ಕಣದ ಕೆಲಸ ಮುಗಿಸಿ. ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೆಂದರೆ ಅದು ಸುರಿಯಲು ಸಿದ್ಧವಾಗಿದೆ. ಮಣ್ಣಿನ ವಾಸನೆ ಹೊತ್ತ ತಂಪು ಗಾಳಿ ಮುಖಕ್ಕೆ ಬಡಿದ ಮೇಲೆ ನಿಮ್ಮ ಬಳಿ ಉಳಿದಿರುವುದು ಹತ್ತು ಹದಿನೈದು ನಿಮಿಷ ಮಾತ್ರ. ಹೋದ ವರ್ಷ ನಿಮಗೆ ಮಳೆ ಹೊಡೆದದ್ದು ಸಂಜೆ ನಾಲ್ಕಕ್ಕೆ, ಅಲ್ಲವೇ? ನಮ್ಮ ಬೇಸಿಗೆ ಗುಡುಗು ಬಹುಪಾಲು ಮೂರರಿಂದ ರಾತ್ರಿ ಎಂಟರೊಳಗೆ ಬರುತ್ತದೆ. ಮುಂಜಾನೆ ಹರವಿ, ಎರಡೂವರೆಗೆ ಕೂಡಿಹಾಕಿ ಮುಚ್ಚುವ ಪದ್ಧತಿಯನ್ನು ಮೋಡವಿರಲಿ ಬಿಡಲಿ ಇಟ್ಟುಕೊಂಡರೆ ಅರ್ಧ ಅಪಾಯ ಅಲ್ಲೇ ಕಳೆಯಿತು.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಗೆ ಒಂದರಂತೆ ಮಳೆ ಮಾಪಕ ಇಟ್ಟಿದೆ, ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು. ಅವರ ‘ವರುಣಮಿತ್ರ’ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ನಿಮ್ಮ ಹೋಬಳಿಯ ಹೆಸರು ಹೇಳಿ ಕೇಳಬಹುದು. ಪಡುವಣದ ಕಡೆ ಮೋಡ ಕಂಡಾಗ ಅಕ್ಕಪಕ್ಕದ ಊರಿನ ನೆಂಟರಿಗೆ ಒಂದು ಫೋನು ಮಾಡುವುದೂ ಒಳ್ಳೆಯ ರಾಡಾರೇ. ನಿಮ್ಮ ತಂಗಿ ಆ ಊರಲ್ಲಿರುವುದು ಅನುಕೂಲವೇ ಆಯಿತು.

ಈಗ ಮಾವನವರ ಮಾತು. ಬೇಸಿಗೆಯ ಆಣೆಕಲ್ಲಿಗೂ ಮುಂಗಾರಿಗೂ ನೇರ ಸಂಬಂಧ ಇಲ್ಲ. ಆಣೆಕಲ್ಲು ಒಂದು ಸಂಜೆಯ ಹವೆಯ ಆಟ. ಮುಂಗಾರು ಸಾವಿರಾರು ಮೈಲಿಯ ಸಮುದ್ರ ಮತ್ತು ಭೂಮಿಯ ಲೆಕ್ಕ. ಆದರೆ ಅವರಂಥ ಹಿರಿಯರು ಹೇಳುವ ಮಳೆ ನಕ್ಷತ್ರದ ಲೆಕ್ಕವನ್ನು ನಾನು ಅಲ್ಲಗಳೆಯಲಾರೆ. ಮಳೆ ನಕ್ಷತ್ರಗಳು ಸೂರ್ಯನ ನಡೆಯ ಮೇಲೆ ಹೋಗುವುದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಅಶ್ವಿನಿ ಏಪ್ರಿಲ್ ಮಧ್ಯಕ್ಕೆ, ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕಾ ಮೇ ಎರಡನೇ ವಾರಕ್ಕೆ, ರೋಹಿಣಿ ಮೇ 25ರ ಸುಮಾರಿಗೆ. ‘ಭರಣಿ ಮಳೆ ಬಂದರೆ ಧರಣಿ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂದು ಹಿರಿಯರು ಹೇಳಿದ್ದು ಯಾವ ಹದಿನೈದು ದಿನದ ಮಳೆ ಯಾವ ಕೆಲಸಕ್ಕೆ ಬರುತ್ತದೆ ಎಂಬ ತಲೆಮಾರುಗಳ ಅನುಭವ. ಅದು ಒಳ್ಳೆಯ ಪಂಚಾಂಗ. ಈ ವರ್ಷ ಆ ಮಳೆ ಬರುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಅದು ಹೇಳಲಾರದು.

ಮಗನಿಗೂ ಒಂದು ಮಾತು ಹೇಳಿ. ಎಲ್ ನಿನೊ ಅಂದರೆ ಪೆಸಿಫಿಕ್ ಸಾಗರದ ನಡು ಭಾಗದ ನೀರು ವಾಡಿಕೆಗಿಂತ ಅರ್ಧ ಡಿಗ್ರಿಗೂ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿಯುವುದು. ಅದು ಬಂದ ವರ್ಷ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು, ನಿಜ. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಆದರೆ 1997ರಲ್ಲಿ ಭಾರೀ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. ಮುಂಗಾರಿನ ಮೊದಲ ಅಂದಾಜನ್ನು ಇಲಾಖೆ ಏಪ್ರಿಲ್ ಮಧ್ಯದಲ್ಲಿ ಕೊಡುತ್ತದೆ, ಮೇ ಕೊನೆಗೆ ಅದನ್ನು ತಿದ್ದಿ ಮತ್ತೆ ಹೇಳುತ್ತದೆ. ತೊಗರಿಯ ತಳಿ, ಬೀಜದ ಚಿಂತೆ ಅಲ್ಲಿಯವರೆಗೆ ಬೇಡ.

ಬಿಸಿಲಿನ ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಬಯಲು ಸೀಮೆಯಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ತಾಪಮಾನ 40 ಡಿಗ್ರಿ ದಾಟಿದ್ದರಷ್ಟೇ ಸಾಲದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚೂ ಇರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ಕಲಬುರಗಿಯಲ್ಲಿ ಏಪ್ರಿಲ್ ಕೊನೆಯ, ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43 ಡಿಗ್ರಿಯಲ್ಲಿ ಮಂದಿ ಬೇಯುತ್ತಿದ್ದರೂ ಬಿಸಿಗಾಳಿಯ ಎಚ್ಚರಿಕೆ ಬರದೇ ಇರಬಹುದು. ಎಚ್ಚರಿಕೆ ಇಲ್ಲವೆಂದು ಅಪಾಯ ಇಲ್ಲವೆನ್ನಲಾಗದು. ಬೀದರ್ ಊರು ಸುಮಾರು 700 ಮೀಟರ್ ಎತ್ತರದಲ್ಲಿ, ಕಲಬುರಗಿ 450ರಲ್ಲಿ ಇರುವುದರಿಂದ ಅಲ್ಲಿಗೂ ಇಲ್ಲಿಗೂ ಒಂದೆರಡು ಡಿಗ್ರಿ ಫರಕು ಬೀಳುತ್ತದೆ, ಯಾದಗಿರಿ ಕಡೆ ಅದೂ ಇಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುತ್ತಾರೆ. ಫ್ಯಾನಿನ ಕೆಳಗೆ ಕೂತವರಿಗೆ ಸಲ್ಲುವ ರಿಯಾಯಿತಿ ಜೋಳ ಕೊಯ್ಯುವ ಹೆಣ್ಣುಮಕ್ಕಳಿಗೂ ಸಲ್ಲಬೇಕು. ಆರು ಗಂಟೆಗೆ ಹೊಲಕ್ಕಿಳಿದು ಹನ್ನೊಂದಕ್ಕೆ ನೆರಳಿಗೆ ಬರಲಿ. ಕೂಲಿ ಮುರಿಯಬೇಡಿ.

ಜೋಳಕ್ಕೆ ಬರೋಣ. ಇಲ್ಲಿ ನಿಮಗೆ ಎರಡು ದಾರಿ ಇವೆ. ದಂಟು ಪೂರ್ತಿ ಒಣಗಿ ಬಿಳಿಯಾಗುವತನಕ ನಿಲ್ಲಿಸಿದರೆ ಕಾಳು ಹೊಲದಲ್ಲೇ ಒಣಗುತ್ತದೆ, ಕಣದ ಕೆಲಸ ಕಡಿಮೆ. ಆದರೆ ಆ ಹತ್ತು ಹನ್ನೆರಡು ದಿನವೂ ಬೆಳೆ ಆಕಾಶದ ಕೆಳಗೆ ಬೆತ್ತಲೆ. ಒಂದು ಮಳೆ ಬಿದ್ದರೆ ಕಾಳು ಕಪ್ಪಾಗಿ, ಬೂಷ್ಟು ಹಿಡಿದು ರೊಟ್ಟಿಗೂ ಒದಗದು, ಬಜಾರದಲ್ಲೂ ರೇಟು ಬಾರದು, ಕಣಕಿಯೂ ಕೊಳೆತು ಎಮ್ಮೆ ಮೂಸದು. ಇನ್ನೊಂದು ದಾರಿ, ಕಾಳು ಬಲಿತ ಕೂಡಲೇ ಕೊಯ್ಯುವುದು. ಬಲಿತಿದೆ ಎಂದು ತಿಳಿಯುವುದು ಹೇಗೆ? ತೆನೆಯ ಕೆಳಭಾಗದಿಂದ ನಾಲ್ಕು ಕಾಳು ಬಿಡಿಸಿ. ತೆನೆ ಮೇಲಿನಿಂದ ಕೆಳಗೆ ಬಲಿಯುತ್ತಾ ಬರುವುದರಿಂದ ತಳದ ಕಾಳನ್ನೇ ನೋಡಬೇಕು. ಕಾಳು ತೆನೆಗೆ ಅಂಟಿಕೊಂಡಿದ್ದ ತುದಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡರೆ, ಗಿಡದಿಂದ ಕಾಳಿಗೆ ಆಹಾರ ಹರಿಯುವ ದಾರಿ ಮುಚ್ಚಿತು ಎಂದು ತಿಳಿಯಿರಿ. ಇನ್ನು ಹೊಲದಲ್ಲಿ ನಿಂತರೆ ತೂಕ ಏನೂ ಏರುವುದಿಲ್ಲ, ತೇವ ಮಾತ್ರ ಇಳಿಯುತ್ತದೆ. ತೇವವನ್ನು ಕಣದಲ್ಲೂ ಇಳಿಸಬಹುದು. ಚುಕ್ಕೆ ಮೂಡುವ ಮುಂಚೆ ಆಣೆಕಲ್ಲಿಗೆ ಹೆದರಿ ಕೊಯ್ದರೆ ಮಾತ್ರ ಕಾಳು ಸುಕ್ಕುಗಟ್ಟಿ ತೂಕ ಹೋಗುತ್ತದೆ.

ಚುಕ್ಕೆ ಕಂಡು ಕೊಯ್ದ ಜೋಳದಲ್ಲಿ ಇನ್ನೂ ನೂರಕ್ಕೆ 30ರಷ್ಟು ತೇವ ಇರುತ್ತದೆ. ಅದನ್ನು ದಪ್ಪ ರಾಶಿ ಹಾಕಿದರೆ ಒಳಗೆ ಕಾವು ಏರಿ ಮುಗ್ಗುತ್ತದೆ. ತೆನೆ ಮುರಿದು ತೆಳ್ಳಗೆ ಹರವಿ ಐದಾರು ದಿನ ಮೇಲೆ ಕೆಳಗೆ ಮಾಡಿ. ಆಳಿನ ಖರ್ಚು ತುಸು ಹೆಚ್ಚು ಬೀಳುತ್ತದೆ. ನಾಲ್ಕು ಎಕರೆಯ ಬಿಳಿಜೋಳದ ಮುಂದೆ ಆ ಖರ್ಚು ದೊಡ್ಡದಲ್ಲ ಎಂದು ನನ್ನ ಎಣಿಕೆ. ನಾನಾಗಿದ್ದರೆ ಎರಡನೇ ದಾರಿಯನ್ನೇ ಹಿಡಿಯುತ್ತಿದ್ದೆ, ಅದೂ ನಾಲ್ಕೂ ಎಕರೆ ಒಂದೇ ದಿನ ಕೆಡವದೆ, ಕಣ ಮುಚ್ಚುವಷ್ಟು ತಾಡಪತ್ರಿ ಇದ್ದಷ್ಟು ಮಾತ್ರ.

ತಾಡಪತ್ರಿಯ ವಿಚಾರದಲ್ಲೂ ಒಂದು ಎಚ್ಚರ. ನಿಮ್ಮ ಕಡಲೆ ಮೊಳಕೆ ಬಂದದ್ದು ಮಳೆಯ ನೀರಿನಿಂದ ಅರ್ಧ, ಒದ್ದೆಯಾದ ಮೇಲೆ ಗೂಡಿನಲ್ಲೇ ಉಳಿದದ್ದರಿಂದ ಇನ್ನರ್ಧ ಇರಬಹುದು. ಒದ್ದೆ ಕಾಳಿನ ಮೇಲೆ ತಾಡಪತ್ರಿ ಹೊದಿಸಿ ಎರಡು ದಿನ ಬಿಟ್ಟರೆ ಕುದಿ ಹಾಕಿದಂತೆ. ಮಳೆ ನಿಂತ ಮರು ಮುಂಜಾನೆಯೇ ಬಿಚ್ಚಿ, ಹರವಿ, ಗಾಳಿಯಾಡಿಸಿ. ರಾಶಿಯ ಕೆಳಗೆ ಶಹಾಬಾದಿ ಪರಸಿಯೋ ಕಟ್ಟಿಗೆಯೋ ಹಾಸಿ ನೆಲದಿಂದ ಎತ್ತರಿಸಿ, ಸುತ್ತ ಒಂದು ಗೇಣು ಕಾಲುವೆ ತೋಡಿ. ನೀರು ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ನುಗ್ಗಿ ಕೆಡಿಸುವುದೇ ಹೆಚ್ಚು. ಚೀಲ ತುಂಬುವ ಮುಂಚೆ ಕಡಲೆಯನ್ನು ಹಲ್ಲಲ್ಲಿ ಕಡಿದು ನೋಡಿ, ಕಟ್ ಎಂದು ಒಡೆಯಬೇಕು. ಮೆತ್ತಗೆ ಬಿದ್ದರೆ ಇನ್ನೊಂದು ಬಿಸಿಲು ಬೇಕು.

ಖಾಲಿ ಎಕರೆಗೆ ಹೆಸರು ಬೇಡ ಎನ್ನುತ್ತೇನೆ. ಈಗ ಬಿತ್ತಿದರೆ ಹೂ ಬಿಡುವ ಹೊತ್ತಿಗೆ ಏಪ್ರಿಲ್ ಬಿಸಿಲು, 40 ದಾಟಿದರೆ ಹೂ ಉದುರುತ್ತದೆ. ಕಾಯಿ ಬಲಿಯುವಾಗ ಮೇ ತಿಂಗಳ ಮಳೆ. ನಾಲ್ಕೈದು ಸಲ ನೀರು ಬೇಕು, ಬೋರು ಅಷ್ಟರತನಕ ಉಸಿರು ಹಿಡಿದೀತೇ ಎಂದು ನಿಮಗೇ ಗೊತ್ತು. ಅದರ ಬದಲು ಅರ್ಧ ಎಕರೆಗೆ ಗೋವಿನಜೋಳದ ಮೇವು ಹಾಕಿ, ಎಮ್ಮೆಗಳಿಗೆ ಹಸಿರಾಗುತ್ತದೆ. ಮೇವಿನ ಜೋಳ ಹಾಕುವುದಾದರೆ ನೀರಿಗೆ ಬಾಡಿದ ಎಳೆ ಪೈರನ್ನು ಯಾವ ಕಾರಣಕ್ಕೂ ದನಕ್ಕೆ ಹಾಕಬೇಡಿ. ಅದರಲ್ಲಿ ಸೈನೈಡ್ ವಿಷ ಏರಿರುತ್ತದೆ, ತಾಸಿನೊಳಗೆ ಜೀವ ಹೋಗುತ್ತದೆ. ಹೂ ಬಂದ ಮೇಲೆ ಕೊಯ್ದು ಹಾಕಿ. ಉಳಿದ ಹೊಲಕ್ಕೆ ಬೇಸಿಗೆ ಮಳೆ ಉಪಕಾರವೇ. ಒಂದು ಒಳ್ಳೆಯ ಅಡ್ಡಮಳೆ ಬಿದ್ದು ಗೇಣುದ್ದ ಹಸಿಯಾದರೆ ನೇಗಿಲು ಹೊಡೆಯಿರಿ. ಮಣ್ಣಲ್ಲಿ ಅಡಗಿರುವ ಕಾಯಿಕೊರಕದ ಕೋಶಗಳು ಮೇಲೆ ಬಂದು ಬಿಸಿಲಿಗೆ, ಹಕ್ಕಿಗಳಿಗೆ ಸಿಗುತ್ತವೆ. ಮುಂದಿನ ತೊಗರಿಗೆ ಅದಕ್ಕಿಂತ ಅಗ್ಗದ ಔಷಧ ಇಲ್ಲ.

ಎಮ್ಮೆ ಮತ್ತು ಬೇವಿನ ಗಿಡ. ಹೌದು ಅಕ್ಕಾ, ಅದು ತಪ್ಪು, ದೊಡ್ಡ ತಪ್ಪು. ಬಯಲಲ್ಲಿ ಒಂಟಿಯಾಗಿ ನಿಂತ ಎತ್ತರದ ಗಿಡಕ್ಕೆ ಸಿಡಿಲು ಬಡಿದರೆ ಅದು ಬೇರಿನಿಂದ ನೆಲದೊಳಗೆ ಸುತ್ತಲೂ ಹರಿಯುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚಿರುವುದರಿಂದ ಒಂದು ಕಾಲಲ್ಲಿ ಏರಿ ಎದೆಯ ಮೂಲಕ ಇನ್ನೊಂದರಲ್ಲಿ ಇಳಿಯುತ್ತದೆ. ಗಿಡದ ಕೆಳಗೆ ಗುಂಪಾಗಿ ನಿಂತ ಕುರಿಗಳು ಒಂದೇ ಏಟಿಗೆ ಸಾಲಾಗಿ ಬೀಳುವುದು ಇದರಿಂದಲೇ. ಮೊಬೈಲ್ ಇದ್ದರೆ ಸಿಡಿಲು ಎಳೆದುಕೊಳ್ಳುತ್ತದೆ ಎಂಬುದು ಸುಳ್ಳು. ಗಿಡದ ಬುಡವೇ ಮೃತ್ಯು. ಮಿಂಚು ಕಂಡ ಕೂಡಲೇ ಎಣಿಸತೊಡಗಿ. ಗುಡುಗು ಕೇಳುವ ಮುಂಚೆ ಮೂವತ್ತು ಎಣಿಸಲಾಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಮನುಷ್ಯರು ಪಕ್ಕಾ ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬಾರದು. ‘ದಾಮಿನಿ’ ಆ್ಯಪ್ ನಿಮ್ಮ ಸುತ್ತ ಸಿಡಿಲು ಎಲ್ಲಿ ಬೀಳುತ್ತಿದೆ ಎಂದು ತೋರಿಸುತ್ತದೆ, ಮಗನ ಫೋನಿಗೆ ಹಾಕಿಸಿ. ಎಮ್ಮೆಯನ್ನು ಊರೊಳಗಿನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಲು ಹೊತ್ತಿಲ್ಲದಿದ್ದರೆ ಗಿಡದಿಂದ ದೂರ, ತಗ್ಗಿನ ಕಡೆ ಬಿಚ್ಚಿಬಿಡಿ. ತಂತಿ ಬೇಲಿಗೆ ಕಟ್ಟಬೇಡಿ.

ಹಿಂಗಾರಿ ಬೆಳೆಗೆ ವಿಮೆ ಕಟ್ಟಿದ್ದೀರಾದರೆ ಒಂದು ಗಡುವು ನೆನಪಿಡಿ. ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆಗೂ ಕೊಯ್ಲಿನಿಂದ 14 ದಿನಗಳವರೆಗೆ ಅಕಾಲಿಕ ಮಳೆ, ಆಣೆಕಲ್ಲಿನ ರಕ್ಷಣೆ ಇದೆ. ನಷ್ಟವಾದ 72 ತಾಸಿನೊಳಗೆ ವಿಮೆ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಲೇಬೇಕು. ರಾಶಿ ಮಾಡಿದ ಕಾಳಿಗೆ ಇದು ಅನ್ವಯಿಸದು. ಮಳೆ ಬಿದ್ದ ದಿನವೇ ಹೊಲದಲ್ಲಿ ನಿಂತು ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಮೂರನೇ ದಿನ ಕಳೆದ ಮೇಲೆ ಬಂದು ಕಣ್ಣೀರು ಹಾಕಿದವರಿಗೆ ನನ್ನಿಂದ ಏನೂ ಮಾಡಲಾಗಿಲ್ಲ.

ನಾಳೆ ಮುಂಜಾನೆ ಹೊಲಕ್ಕೆ ಹೋದಾಗ ನಾಲ್ಕು ಮೂಲೆಯ ನಾಲ್ಕು ತೆನೆ ತೆಗೆದು ತಳದ ಕಾಳು ಬಿಡಿಸಿ ನೋಡಿ. ಕಪ್ಪು ಚುಕ್ಕೆ ಮೂಡಿದ್ದರೆ ಆಳಿಗೆ ಹೇಳಿ ಕಳಿಸಿ.